ಎರಡನೆಯ ಓವರ್

2016ರ ಜನವರಿ ಮೊದಲ ವಾರ. ಮುಂಬೈ ಪಕ್ಕದ ಕಲ್ಯಾಣದಲ್ಲಿ ಪ್ರಣವ್ ಧನವಾಡೆ ಎಂಬ ಹದಿನೈದು ವರ್ಷದ ಹುಡುಗ ಶಾಲಾ ಪಂದ್ಯವೊಂದರಲ್ಲಿ ಔಟಾಗದೆ 1009 ರನ್ ಹೊಡೆದ. ಎದುರಿಸಿದ್ದು 327 ಎಸೆತ; ಅದರಲ್ಲಿ 129 ಬೌಂಡರಿ, 59 ಸಿಕ್ಸರ್. ದಾಖಲೆಯಲ್ಲಿರುವ ಕ್ರಿಕೆಟ್ಟಿನಲ್ಲಿ ಒಂದೇ ಇನ್ನಿಂಗ್ಸಿನಲ್ಲಿ ಸಾವಿರ ದಾಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅಪ್ಪ ಆಟೋ ಓಡಿಸುತ್ತಾರೆಂದು ತಿಳಿದ ಮೇಲಂತೂ ಇಡೀ ದೇಶ ಆ ಹುಡುಗನನ್ನು ಹೆಗಲ ಮೇಲೆ ಹೊತ್ತುಕೊಂಡಿತು. ಕೆಲವೇ ತಿಂಗಳಲ್ಲಿ ಪಶ್ಚಿಮ ವಲಯದ 16 ವರ್ಷದೊಳಗಿನವರ ತಂಡ ಪ್ರಕಟವಾಯಿತು. ಅದರಲ್ಲಿ ಸಚಿನ್ ತೆಂಡೂಲ್ಕರ್ ಮಗ ಅರ್ಜುನ್ ಹೆಸರಿತ್ತು; ಪ್ರಣವ್ ಹೆಸರಿರಲಿಲ್ಲ. ಜನ ಕೆರಳಿದರು. ಆಯ್ಕೆಯಾದವನ ಹೆಸರು ಅರ್ಜುನ ಬೇರೆ. ಏಕಲವ್ಯನನ್ನು ಎಳೆದು ತರಲು ಯಾರಿಗೂ ಕಷ್ಟವಾಗಲಿಲ್ಲ.

ಆ ಸಿಟ್ಟಿಗೆ ಆಧಾರವಿರಲಿಲ್ಲ ಎಂಬುದು ಬೇಗನೆ ಗೊತ್ತಾಯಿತು. ವಲಯದ ತಂಡವನ್ನು ಆರಿಸುವುದು ಆಯಾ ರಾಜ್ಯ ಸಂಸ್ಥೆಗಳ ತಂಡಗಳಲ್ಲಿ ಆಡಿದವರೊಳಗಿಂದ. ಪ್ರಣವ್ ಆ ಋತುವಿನಲ್ಲಿ ಮುಂಬೈನ 16 ವರ್ಷದೊಳಗಿನವರ ತಂಡದಲ್ಲಿ ಆಡಿರಲಿಲ್ಲ. ಹಾಗಾಗಿ ಅವನ ಹೆಸರು ಆಯ್ಕೆಗಾರರ ಮೇಜಿಗೆ ಬರುವಂತೆಯೇ ಇರಲಿಲ್ಲ. ಇದರಲ್ಲಿ ವಿವಾದ ಮಾಡುವಂಥದ್ದೇನೂ ಇಲ್ಲವೆಂದು ಪ್ರಣವನ ತಂದೆಯೇ ಹೇಳಿದರು. ಜಗಳ ಅಲ್ಲಿಗೆ ಮುಗಿಯಿತು.

ನನಗೆ ಅದು ತುಸು ಬೇಗ ಮುಗಿಯಿತು ಅನ್ನಿಸುತ್ತದೆ. ನಿಯಮ ಪಾಲನೆಯಾಗಿದೆ ಎಂದು ತೋರಿಸಿದರೆ ನ್ಯಾಯದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಗುವುದಿಲ್ಲ. ಪ್ರಶ್ನೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗುತ್ತದೆ, ಅಷ್ಟೆ. ಮುಂಬೈ ತಂಡಕ್ಕೆ ಹುಡುಗರು ಎಲ್ಲಿಂದ ಬರುತ್ತಾರೆ? ಶಿಬಿರಗಳಿಂದ, ಕ್ಲಬ್ಬುಗಳಿಂದ. ಕ್ಲಬ್ಬಿಗೆ? ಹೀಗೆ ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ಒಂದು ಮನೆ, ಒಬ್ಬ ಅಪ್ಪ.

ಏಕಲವ್ಯನ ಕಥೆ ಎಲ್ಲರಿಗೂ ಗೊತ್ತು. ಅದೇ ಆದಿಪರ್ವದ ಪ್ರಚಲಿತ ಪಾಠಗಳಲ್ಲಿ ಅದಕ್ಕೆ ಸ್ವಲ್ಪ ಮೊದಲು ಬರುವ ಒಂದು ಸಣ್ಣ ಪ್ರಸಂಗವನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ದ್ರೋಣರು ಶಿಷ್ಯರನ್ನೆಲ್ಲ ನೀರು ತರಲು ಕಳಿಸುತ್ತಾರೆ. ಶಿಷ್ಯರ ಕೈಗೆ ಕೊಡುವುದು ಕಮಂಡಲು. ಬಾಯಿ ಕಿರಿದು, ತುಂಬುವುದು ತಡ. ಮಗ ಅಶ್ವತ್ಥಾಮನಿಗೆ ಕೊಡುವುದು ಅಗಲ ಬಾಯಿಯ ಕೊಡ, ಮುಳುಗಿಸಿದರೆ ತುಂಬಿತು. ಅವನು ಬೇಗ ಬಂದುಬಿಡುತ್ತಾನೆ. ಉಳಿದವರು ಬರುವುದರೊಳಗೆ ಸಿಗುವ ಆ ಹೊತ್ತಿನಲ್ಲಿ ಅಪ್ಪ ಮಗನಿಗೆ ಒಂದೆರಡು ವಿಶೇಷ ವಿದ್ಯೆ ಹೇಳಿಕೊಡುತ್ತಾರೆ. ಅರ್ಜುನನಿಗೆ ಇದು ಗೊತ್ತಾಗುತ್ತದೆ. ಅವನು ವಾರುಣಾಸ್ತ್ರದಿಂದ ಕಮಂಡಲು ತುಂಬಿಸಿ ಗುರುಪುತ್ರನ ಜೊತೆಜೊತೆಗೇ ಬಂದು ನಿಲ್ಲತೊಡಗುತ್ತಾನೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅರ್ಜುನನ ಜಾಣತನಕ್ಕೆ ಉದಾಹರಣೆಯಾಗಿ ಹೇಳುವುದುಂಟು. ನಾನು ಅದನ್ನು ಪಕ್ಷಪಾತದ ಬಗ್ಗೆ ಒಂದು ಪಾಠವಾಗಿ ಓದುತ್ತೇನೆ. ದ್ರೋಣರು ಪರೀಕ್ಷೆಯಲ್ಲಿ ಮೋಸ ಮಾಡಲಿಲ್ಲ. ಮರದ ಮೇಲೆ ಹಕ್ಕಿಯ ಬೊಂಬೆ ಕಟ್ಟಿ ಏನು ಕಾಣುತ್ತದೆಂದು ಕೇಳಿದಾಗ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಹಕ್ಕಿ, ಗೆದ್ದವನೂ ಮಗನಲ್ಲ. ಆಯ್ಕೆಯ ದಿನ ಅವರು ನಿಷ್ಪಕ್ಷಪಾತಿ. ಅವರು ಮಗನಿಗೆ ಕೊಟ್ಟದ್ದು ಬಹುಮಾನವನ್ನಲ್ಲ, ಹೊತ್ತನ್ನು. ಹಾಗೆ ಸಿಕ್ಕ ಹೊತ್ತು ಆಮೇಲೆ ಹುಡುಗನ ತೋಳಿನಲ್ಲಿ ನಿಜವಾದ ವಿದ್ಯೆಯಾಗಿ ಕೂರುತ್ತದೆ. ಅದನ್ನು ಸುಳ್ಳು ಅನ್ನಲು ಯಾರಿಗೂ ಆಗುವುದಿಲ್ಲ. ಇನ್ನೊಂದು ಮಾತು: ಕಿರಿಬಾಯಿಯ ಪಾತ್ರೆ ಸಿಕ್ಕವನು ಬರೀ ಸಮಕ್ಕೆ ಬಂದು ನಿಲ್ಲಬೇಕಾದರೂ ದಿವ್ಯಾಸ್ತ್ರವೊಂದು ಬೇಕಾಯಿತು. ವಾರುಣಾಸ್ತ್ರ ಇಲ್ಲದ ಉಳಿದ ನೂರು ಚಿಲ್ಲರೆ ಹುಡುಗರು ಕಮಂಡಲು ಹಿಡಿದು ನೀರಿನ ದಂಡೆಯಲ್ಲೇ ಕೂತಿದ್ದರು. ಅವರ ಸುದ್ದಿ ಅಲ್ಲಿಗೇ ಮುಗಿಯುತ್ತದೆ.

ನಮ್ಮಲ್ಲೂ ವಾರುಣಾಸ್ತ್ರದ ಕಥೆಗಳೇ ಹೆಚ್ಚು ಪ್ರಸಿದ್ಧ. ಗದಗಿನ ಹುಡುಗ ಸುನಿಲ್ ಜೋಶಿ ಅಭ್ಯಾಸಕ್ಕೆಂದು ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಊರಿಗೆ ಮರಳುತ್ತಿದ್ದ. ಮುಂದೆ ಭಾರತಕ್ಕೆ ಆಡಿದರು, 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ದಾವಣಗೆರೆಯ ಆಟೋ ಚಾಲಕರ ಮಗ ವಿನಯ್ ಕುಮಾರ್ ನಾಯಕರಾಗಿ ಕರ್ನಾಟಕಕ್ಕೆ ಸತತ ಎರಡು ಸಲ ರಣಜಿ ಗೆದ್ದುಕೊಟ್ಟರು. ಇವರನ್ನು ತೋರಿಸಿ, 'ನೋಡಿ, ಪ್ರತಿಭೆ ಇದ್ದರೆ ಯಾರೂ ತಡೆಯಲಾರರು' ಅನ್ನುತ್ತೇವೆ. ತಡೆಯಾಗಿ ನಿಂತವರ ಹೆಸರು ನಮಗೆ ಗೊತ್ತಿಲ್ಲದ್ದರಿಂದ ಹಾಗೆ ಹೇಳುವುದು ಸುಲಭ.

ನನ್ನ ತಮ್ಮ ಎಡಗೈ ಸ್ಪಿನ್ನರ್ ಆಗಿದ್ದ. ನಮ್ಮದು ತಾಲ್ಲೂಕು ಕೇಂದ್ರ; ಹೈಸ್ಕೂಲು ಮೈದಾನದಲ್ಲಿ ಸಿಮೆಂಟಿನ ಮೇಲೆ ಮ್ಯಾಟ್ ಹಾಸಿ ಆಡುತ್ತಿದ್ದರು. ಅವನಿಗೆ ಹದಿನಾಲ್ಕಾದಾಗ ವಲಯ ಮಟ್ಟದ ಟ್ರಯಲ್ಸ್‌ಗೆ ನಾನೇ ಕರೆದುಕೊಂಡು ಹೋಗಿದ್ದೆ. ಅಷ್ಟು ಹಸಿರಾದ ಟರ್ಫ್ ವಿಕೆಟ್ಟನ್ನು ಅವನು ಹತ್ತಿರದಿಂದ ನೋಡಿದ್ದೇ ಅವತ್ತು ಮೊದಲು. ಇನ್ನೂರಕ್ಕೆ ಹತ್ತಿರ ಹುಡುಗರಿದ್ದರು. ಎದೆಗೆ ನಂಬರ್ ಚೀಟಿ ಪಿನ್ನು ಮಾಡಿಕೊಂಡು ಸಾಲಿನಲ್ಲಿ ನಿಂತರು. ಇವನ ಸರದಿ ಬಂದಾಗ ಟೋಪಿ ಹಾಕಿಕೊಂಡಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು.

"ಯಾವ ಕ್ಲಬ್ಬಪ್ಪಾ?"

"ಕ್ಲಬ್ ಇಲ್ಲ ಸರ್."

"ಮತ್ತೆ ಕೋಚಿಂಗು?"

"ನಮ್ಮ ಪಿ.ಟಿ. ಮೇಷ್ಟ್ರು ಸರ್."

"ಸರಿ, ಹಾಕು."

ಆರು ಎಸೆತ. ಟರ್ಫ್ ಮೇಲೆ ಚೆಂಡು ಅವನು ಅಂದುಕೊಂಡಷ್ಟು ಏಳಲಿಲ್ಲ. ಮೊದಲ ಮೂರು ಗಿಡ್ಡ ಬಿದ್ದವು, ಆಮೇಲಿನ ಎರಡು ಪರವಾಗಿಲ್ಲ, ಕೊನೆಯದು ಚೆನ್ನಾಗಿತ್ತು. "ಥ್ಯಾಂಕ್ಯೂ, ನೆಕ್ಸ್ಟ್" ಅಂದರು. ಮುಂದಿನ ಹುಡುಗನೂ ಸ್ಪಿನ್ನರ್. ಅವನ ಅಪ್ಪ ಒಂದು ಕಾಲದಲ್ಲಿ ಆ ಹಿರಿಯರ ಜೊತೆ ಲೀಗ್ ಆಡಿದವರಂತೆ. "ಏನಪ್ಪಾ, ನಿಮ್ಮ ತಂದೆ ಹೇಗಿದ್ದಾರೆ?" ಎಂದು ವಿಚಾರಿಸಿದರು. ಅವನೂ ಹೆದರಿದ್ದ. ಮೊದಲ ಓವರು ಎಲ್ಲೆಲ್ಲೋ ಹೋಯಿತು, ಎರಡು ಫುಲ್‌ಟಾಸ್ ಬೇರೆ. ಹಿರಿಯರು ನಕ್ಕು, "ಪರವಾಗಿಲ್ಲ, ಇನ್ನೊಂದು ಓವರ್ ಹಾಕು, ಕೈ ಬಿಸಿಯಾಗಲಿ" ಅಂದರು. ಎರಡನೆಯ ಓವರಿನಲ್ಲಿ ಆ ಹುಡುಗ ಅದ್ಭುತವಾಗಿ ಹಾಕಿದ. ಒಂದು ಚೆಂಡು ಬ್ಯಾಟ್ಸ್‌ಮನ್ನನ್ನು ಮುಂದಕ್ಕೆ ಎಳೆದು ಪಕ್ಕದಿಂದ ಜಾರಿಕೊಂಡು ಹೋಯಿತು. ನಾನೂ ಅಬ್ಬ ಅಂದೆ. ಅವನು ಆಯ್ಕೆಯಾದ. ನನ್ನ ತಮ್ಮ ಆಗಲಿಲ್ಲ.

ಆ ಆಯ್ಕೆ ಸರಿಯಾಗಿಯೇ ಇತ್ತು. ಆಯ್ಕೆಗಾರರು ಕಣ್ಣಾರೆ ಕಂಡ ಇಬ್ಬರಲ್ಲಿ ಆ ಹುಡುಗನೇ ಉತ್ತಮ. ಯಾರೂ ಫೋನ್ ಮಾಡಿರಲಿಲ್ಲ, ದುಡ್ಡು ಕೊಟ್ಟಿರಲಿಲ್ಲ. ಆ ಹಿರಿಯರನ್ನು ಪಕ್ಷಪಾತಿ ಎಂದರೆ ಅವರಿಗೆ ನಿಜವಾಗಿ ನೋವಾಗುತ್ತಿತ್ತು. ಗುರುತಿನ ಹುಡುಗನ ಮೇಲೆ ಬಂದ ಒಂದು ಸಣ್ಣ ಕನಿಕರ, ಅಷ್ಟೆ. ಅದೇ ಅಗಲ ಬಾಯಿಯ ಕೊಡ. ಕುಟುಂಬದ ನಂಟು ತಂಡದಲ್ಲಿ ನೇರವಾಗಿ ಜಾಗ ಕೊಡಿಸುವುದು ಅಪರೂಪ. ಅದು ಎರಡನೆಯ ಓವರನ್ನು ಕೊಡಿಸುತ್ತದೆ. ಸಿಕ್ಕ ಆ ಓವರಿನಲ್ಲಿ ಹುಡುಗ ಯೋಗ್ಯತೆಯನ್ನು ನಿಜವಾಗಿಯೇ ತೋರಿಸುತ್ತಾನೆ. ಆದ್ದರಿಂದ, 'ಅವನು ಯೋಗ್ಯನೋ ಅಲ್ಲವೋ, ಅಷ್ಟು ಹೇಳಿ' ಎಂದು ಕೇಳುವವರಿಗೆ ಈ ಅನ್ಯಾಯ ಎಂದಿಗೂ ಕಾಣಿಸುವುದಿಲ್ಲ.

'ಯಾವ ಕ್ಲಬ್ಬು' ಎಂಬ ಪ್ರಶ್ನೆ ಬಹಳ ದಿನ ನನ್ನ ತಲೆಯಲ್ಲಿ ಉಳಿದಿತ್ತು. ಅಸ್ತ್ರವಿದ್ಯೆಯ ಪ್ರದರ್ಶನದ ರಂಗಕ್ಕೆ ಕರ್ಣ ಬಂದು ನಿಂತಾಗ ಕೃಪಾಚಾರ್ಯರು ಅವನ ಕುಲ ಕೇಳುತ್ತಾರೆ. ಅದೂ ನಿಯಮದ ಪ್ರಕಾರವೇ. ದ್ವಂದ್ವಯುದ್ಧಕ್ಕೆ ಇಳಿಯುವವರು ಸಮಾನರಾಗಿರಬೇಕಲ್ಲ! ಪಂಪನ ಕರ್ಣನನ್ನು ಓದಿ ಬೆಳೆದ ನಾವು ಆ ಪ್ರಶ್ನೆಯನ್ನು ಸುಲಭವಾಗಿ ಖಂಡಿಸುತ್ತೇವೆ. ಕ್ಲಬ್ಬಿನ ಪ್ರಶ್ನೆ ನಮಗೆ ಹಾಗೆ ಚುಚ್ಚುವುದಿಲ್ಲ. ಅದು ಬರೀ ಮಾಹಿತಿ ಕೇಳುವಂತೆ ಕಾಣುತ್ತದೆ.

ತತ್ತ್ವಶಾಸ್ತ್ರದಲ್ಲಿ ಈ ಒಗಟಿಗೆ ಒಂದು ಪ್ರಸಿದ್ಧ ರೂಪವಿದೆ. ಬ್ರಿಟಿಷ್ ಚಿಂತಕ ಬರ್ನಾರ್ಡ್ ವಿಲಿಯಮ್ಸ್ ಸಮಾನತೆಯ ಕುರಿತ ತಮ್ಮ 1962ರ ಪ್ರಬಂಧದಲ್ಲಿ ಒಂದು ಯೋಧರ ಸಮಾಜವನ್ನು ಕಲ್ಪಿಸುತ್ತಾರೆ. ಅಲ್ಲಿ ಯೋಧನಾಗುವುದೇ ದೊಡ್ಡ ಗೌರವ, ಅದಕ್ಕೆ ಬೇಕಾದದ್ದು ದೇಹಬಲ. ಮೊದಲು ಶ್ರೀಮಂತ ಮನೆತನಗಳಿಂದ ಮಾತ್ರ ಯೋಧರನ್ನು ಆರಿಸುತ್ತಿದ್ದರು. ಸುಧಾರಣೆ ಬಂತು, ಸ್ಪರ್ಧೆ ಎಲ್ಲರಿಗೂ ತೆರೆಯಿತು. ಫಲಿತಾಂಶ ನೋಡಿದರೆ ಗೆದ್ದವರೆಲ್ಲ ಬಹುಪಾಲು ಅದೇ ಮನೆತನದವರು, ಏಕೆಂದರೆ ಉಳಿದವರಿಗೆ ಹೊಟ್ಟೆ ತುಂಬ ಊಟವೇ ಇಲ್ಲ. ಈಗ ಇಲ್ಲಿ ಸಮಾನ ಅವಕಾಶವಿದೆಯೇ? ಸ್ಪರ್ಧೆಯಲ್ಲಿ ಮೋಸವಿಲ್ಲ, ಆದರೂ ಇದೆ ಅನ್ನಲು ನಾಲಿಗೆ ಏಳುವುದಿಲ್ಲ. ಜಾನ್ ರಾಲ್ಸ್ ಕೂಡ 1971ರ ತಮ್ಮ ದೊಡ್ಡ ಗ್ರಂಥದಲ್ಲಿ, ಕುಟುಂಬವೆಂಬುದು ಇರುವವರೆಗೆ ಸಮಾನ ಅವಕಾಶ ಪೂರ್ತಿಯಾಗಿ ಕೈಗೂಡುವುದಿಲ್ಲವೆಂದು ಒಪ್ಪಿಕೊಂಡಿದ್ದರು. ಪ್ಲೇಟೋ ಅಷ್ಟಕ್ಕೆ ನಿಲ್ಲದೆ, ತನ್ನ ಆದರ್ಶ ರಾಜ್ಯದ ಕಾವಲುಗಾರರಿಗೆ ಕುಟುಂಬವೇ ಬೇಡ ಎಂದುಬಿಟ್ಟ. ಆ ದಾರಿ ನಮಗೆ ಬೇಡ.

ಹಾಗಾದರೆ ಅಪ್ಪ ಮಗನಿಗಾಗಿ ಎಷ್ಟು ಮಾಡಬಹುದು? ಸಂಜೆ ಅಂಗಳದಲ್ಲಿ ಮಗನಿಗೆ ಚೆಂಡು ಎಸೆಯುವ ಮಾಜಿ ಆಟಗಾರನನ್ನು ಯಾರಾದರೂ ತಡೆಯಬಹುದೇ? ಹ್ಯಾರಿ ಬ್ರಿಗ್‌ಹೌಸ್ ಮತ್ತು ಆಡಮ್ ಸ್ವಿಫ್ಟ್ ಎಂಬ ಇಬ್ಬರು ಚಿಂತಕರು ಈ ಗೆರೆಯನ್ನು ಎಳೆಯಲು ಯತ್ನಿಸಿದ್ದಾರೆ. ಮಲಗುವ ಹೊತ್ತಿನಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವುದರಿಂದ ಅವರಿಗೆ ಉಳಿದ ಮಕ್ಕಳಿಗಿಂತ ಅನುಕೂಲವಾಗುತ್ತದೆ, ನಿಜ. ಆದರೆ ಅದನ್ನು ತೆಗೆದರೆ ತಂದೆತಾಯಿ ಮತ್ತು ಮಕ್ಕಳ ಸಂಬಂಧದ ಜೀವವೇ ಹೋಗುತ್ತದೆ. ದುಬಾರಿ ಶಾಲೆಯನ್ನು ಕೊಳ್ಳುವ ಹಕ್ಕಿಗೆ ಆ ಸಮರ್ಥನೆ ಸಿಗುವುದಿಲ್ಲ. ಸಂಬಂಧವೇ ಕೊಡುವ ಅನುಕೂಲ ಬೇರೆ, ಸಂಬಂಧದ ಹೆಸರಿನಲ್ಲಿ ಕೊಂಡ ಅನುಕೂಲ ಬೇರೆ. ಅಂಗಳದ ಆಟ ಮೊದಲಿನದು, ಆಯ್ಕೆಗಾರನಿಗೆ ಮಾಡುವ ಫೋನು ಎರಡನೆಯದಕ್ಕಿಂತಲೂ ಕೆಟ್ಟದ್ದು. ಈ ಮಟ್ಟಿಗೆ ನಾನು ಒಪ್ಪುತ್ತೇನೆ. ನನ್ನ ಹುಡುಗನ ಎರಡನೆಯ ಓವರ್ ಮಾತ್ರ ಈ ಲೆಕ್ಕದಲ್ಲಿ ಎಲ್ಲಿಯೂ ಕೂರುವುದಿಲ್ಲ. ಅದನ್ನು ಅಪ್ಪ ಕೊಡಲಿಲ್ಲ, ಕೇಳಲೂ ಇಲ್ಲ. ಅಪ್ಪನ ಹೆಸರು ತಾನಾಗಿ ಹೋಗಿ ಕೆಲಸ ಮಾಡಿತು. ತಡೆಯಬಹುದಾಗಿದ್ದವರು ಕುರ್ಚಿಯಲ್ಲಿ ಕೂತಿದ್ದವರು ಮಾತ್ರ.

ಇದನ್ನು ಬರೆಯುವಾಗ ನನ್ನ ಮನೆಯೂ ಕಣ್ಣೆದುರು ಬರುತ್ತದೆ. ನಮ್ಮಪ್ಪ ಹೈಸ್ಕೂಲು ಮೇಷ್ಟ್ರು. ಮನೆಯಲ್ಲಿ ಕಪಾಟಿನ ತುಂಬ ಪುಸ್ತಕ. ಪಿಎಚ್.ಡಿ. ಎಂಬುದೊಂದಿದೆ, ಅದಕ್ಕೆ ಫೆಲೋಶಿಪ್ ಸಿಗುತ್ತದೆ ಎಂದು ಪಿಯುಸಿಯಲ್ಲೇ ನನಗೆ ಗೊತ್ತಿತ್ತು. ನನಗಿಂತ ಚುರುಕಾಗಿದ್ದ ಬೆಂಚಿನ ಗೆಳೆಯನಿಗೆ ಎಂ.ಎ. ಮುಗಿದ ಮೇಲೂ ಗೊತ್ತಿರಲಿಲ್ಲ. ಕ್ರಿಕೆಟ್ಟಿನಲ್ಲಿ ನಮ್ಮ ಮನೆಗೆ ಕಮಂಡಲು ಸಿಕ್ಕಿತ್ತು, ಓದಿನಲ್ಲಿ ಕೊಡ.

ಕುರ್ಚಿಯ ಮಾತಿಗೆ ಬಂದರೆ ಬೆಂಗಳೂರಿನ ಬಿನ್ನಿ ಕುಟುಂಬವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದ ರೋಜರ್ ಬಿನ್ನಿ 2012ರಲ್ಲಿ ರಾಷ್ಟ್ರೀಯ ಆಯ್ಕೆಗಾರರಾದರು. 2014ರ ಜನವರಿಯಲ್ಲಿ ಮಗ ಸ್ಟುವರ್ಟ್ ಭಾರತ ತಂಡಕ್ಕೆ ಬಂದರು. ಮಗನ ಹೆಸರು ಚರ್ಚೆಗೆ ಬಂದಾಗ ಅಪ್ಪ ಕೋಣೆಯಿಂದ ಎದ್ದು ಹೋಗುತ್ತಿದ್ದರೆಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅದನ್ನು ಅನುಮಾನಿಸಲು ನನಗೆ ಕಾರಣವಿಲ್ಲ. ಸ್ಟುವರ್ಟ್ ಮೊದಲ ಸಲ ಭಾರತಕ್ಕೆ ಆಡಿದಾಗ ಮೂವತ್ತು ಸಮೀಪಿಸಿತ್ತು. ಅದಕ್ಕೆ ಮೊದಲು ಹತ್ತು ವರ್ಷ ದೇಶಿ ಕ್ರಿಕೆಟ್ಟಿನಲ್ಲಿ ಬೆವರು ಸುರಿಸಿದ್ದರು, ಮಂಡಳಿ ಒಪ್ಪದ ಐಸಿಎಲ್‌ಗೆ ಹೋಗಿ ವಾಪಸು ಬಂದಿದ್ದರು. ಅಪ್ಪನ ಬೆರಳು ಹಿಡಿದು ನಡೆದವರ ದಾರಿ ಇದಲ್ಲ. ಅದೇ ವರ್ಷ ಜೂನ್‌ನಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್ನಿಗೆ 6 ವಿಕೆಟ್ ಪಡೆದು, ಏಕದಿನ ಪಂದ್ಯಗಳಲ್ಲಿ ಅನಿಲ್ ಕುಂಬ್ಳೆ ಹೆಸರಿನಲ್ಲಿದ್ದ ಭಾರತೀಯ ದಾಖಲೆಯನ್ನು ಮುರಿದರು. ಆಡಿದ್ದು ಒಟ್ಟು 6 ಟೆಸ್ಟ್, 14 ಏಕದಿನ ಪಂದ್ಯ. ಆದರೂ ಒಂದು ಪಂದ್ಯ ಕೈಕೊಟ್ಟರೆ ಸಾಕು, ಅಪ್ಪನ ಹೆಸರು ಮೇಲೆದ್ದು ಬರುತ್ತಿತ್ತು.

ಎದ್ದು ಹೋಗುವುದು ಸಭ್ಯತೆ. ಅದು ಸಾಲದು. ಕೋಣೆಯಲ್ಲಿ ಉಳಿದ ನಾಲ್ವರಿಗೆ ಹೊರಗೆ ನಿಂತಿರುವವರು ಯಾರೆಂದು ಗೊತ್ತಿರುತ್ತದೆ. ಇನ್ನು ಹತ್ತು ನಿಮಿಷಕ್ಕೆ ಅವರ ಪಕ್ಕದಲ್ಲೇ ಕೂತು ಕಾಫಿ ಕುಡಿಯಬೇಕು. ಅವರು ಪೂರ್ತಿ ನ್ಯಾಯವಾಗಿಯೇ ತೀರ್ಮಾನ ಮಾಡಿದರೂ ಹುಡುಗನಿಗೆ ಅದು ಸಿಗುವುದಿಲ್ಲ. ಈ ಜಾಗ ನನ್ನದೇ ಎಂದು ಅವನು ಖಚಿತವಾಗಿ ಹೇಳಿಕೊಳ್ಳಲು ಆಗದಂತೆ ಆ ಖಾಲಿ ಕುರ್ಚಿ ನೋಡಿಕೊಳ್ಳುತ್ತದೆ. ಮಗ ಆಡುವ ಕಾಲಕ್ಕೆ ಅಪ್ಪ ಆ ಸಮಿತಿಯಲ್ಲಿ ಇರಲೇಬಾರದು ಎಂಬ ನಿಯಮದಿಂದ ಬೇರೆ ಹುಡುಗರಿಗೆ ಎಷ್ಟು ಲಾಭವೋ ಆ ಮಗನಿಗೂ ಅಷ್ಟೇ ಲಾಭ. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಐಪಿಎಲ್ ಪ್ರಕರಣದಲ್ಲಿ ಕ್ರಿಕೆಟ್ ಮಂಡಳಿಯ ಬಗ್ಗೆ ಕೊಟ್ಟ ತೀರ್ಪಿನ ಒಂದು ತಿರುಳೂ ಇಂಥದ್ದೇ: ಮಂಡಳಿ ಮಾಡುವುದು ಸಾರ್ವಜನಿಕ ಕೆಲಸ, ಅಲ್ಲಿ ಹಿತಾಸಕ್ತಿಗಳ ಘರ್ಷಣೆಗೆ ಜಾಗವಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ರೋಜರ್ ಬಿನ್ನಿ ಸಮಿತಿಯಲ್ಲಿ ಇರಲಿಲ್ಲ.

'ಸಾರ್ವಜನಿಕ' ಎಂಬ ಮಾತಿಗೆ ಇಲ್ಲಿ ತೂಕವಿದೆ. 2021ರ ಹರಾಜಿನಲ್ಲಿ ಮುಂಬೈ ಇಂಡಿಯನ್ಸ್ ಮೂಲಬೆಲೆ 20 ಲಕ್ಷಕ್ಕೆ ಅರ್ಜುನ್ ತೆಂಡೂಲ್ಕರ್‌ನನ್ನು ಕೊಂಡಾಗಲೂ ಗಲಾಟೆಯಾಯಿತು. ನನಗೆ ಅದು ಅಷ್ಟಾಗಿ ತಟ್ಟಲಿಲ್ಲ. ಮಾಲೀಕರ ದುಡ್ಡು, ಮಾಲೀಕರ ತಂಡ. ಬೇರೆ ತಂಡಗಳೂ ಇವೆ. ರಾಜ್ಯ ಸಂಸ್ಥೆಯ ತಂಡ ಹಾಗಲ್ಲ. ಅಲ್ಲಿ ಬೇಡವೆಂದರೆ ಹದಿನಾಲ್ಕರ ಹುಡುಗನಿಗೆ ಇನ್ನೊಂದು ಬಾಗಿಲಿಲ್ಲ. ಅರ್ಜುನ್ 2022ರಲ್ಲಿ ಮುಂಬೈ ಬಿಟ್ಟು ಗೋವಾಕ್ಕೆ ಹೋಗಿ ಮೊದಲ ರಣಜಿ ಪಂದ್ಯದಲ್ಲೇ 120 ಹೊಡೆದ. ಅವನ ಆಟವನ್ನು ನಾನು ಹಗುರ ಮಾಡುತ್ತಿಲ್ಲ. ಒಂದು ರಾಜ್ಯದಲ್ಲಿ ಅವಕಾಶ ಕಡಿಮೆಯಾದರೆ ಇನ್ನೊಂದಕ್ಕೆ ಹೋಗಬಹುದು ಎಂದು ಯೋಚಿಸಲು ಸಾಧ್ಯವಾಗುವುದೇ ಅಗಲ ಬಾಯಿಯ ಕೊಡ ಎನ್ನುತ್ತಿದ್ದೇನೆ.

ಕೆಲವರು ಹೇಳುತ್ತಾರೆ: ಸಿನಿಮಾದಲ್ಲಾದರೆ ಹೀರೋ ಮಗನ ಹತ್ತು ಚಿತ್ರ ಬಿದ್ದರೂ ಹನ್ನೊಂದನೆಯದು ಬರುತ್ತದೆ, ಕ್ರೀಡೆ ಹಾಗಲ್ಲ, ಚೆಂಡಿಗೆ ಅಪ್ಪ ಯಾರೆಂದು ಗೊತ್ತಿಲ್ಲ. ಇದರಲ್ಲಿ ಅರ್ಧ ನಿಜವಿದೆ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಯಾರ ಮುಲಾಜೂ ನೋಡುವುದಿಲ್ಲ. ಆದರೆ ಆ ಚೆಂಡಿನ ಎದುರು ಎಷ್ಟು ಸಲ ನಿಲ್ಲಬಹುದು ಎಂಬುದನ್ನು ಚೆಂಡು ನಿರ್ಧರಿಸುವುದಿಲ್ಲವಲ್ಲ. ಸೋಲಲು ಎಷ್ಟು ಅವಕಾಶ ಸಿಗುತ್ತದೆ ಎಂಬುದೇ ನಿಜವಾದ ವ್ಯತ್ಯಾಸ. ಸಾವಿರ ರನ್ನಿನ ಹುಡುಗನಿಗೆ ಮುಂಬೈ ಕ್ರಿಕೆಟ್ ಸಂಸ್ಥೆ ತಿಂಗಳಿಗೆ 10,000 ರೂಪಾಯಿಯಂತೆ ಐದು ವರ್ಷದ ವಿದ್ಯಾರ್ಥಿವೇತನ ಘೋಷಿಸಿತ್ತು. 2017ರಲ್ಲಿ, ಆಟ ಕಳೆಗುಂದಿದೆ, ಈ ಹಣ ನಿಲ್ಲಿಸಿ ಎಂದು ಮನೆಯವರೇ ಕೇಳಿಕೊಂಡರು. ಹದಿನಾರು ಹದಿನೇಳರ ವಯಸ್ಸಿನಲ್ಲಿ ಒಂದೂವರೆ ವರ್ಷ ರನ್ ಬಾರದಿರುವುದು ಎಷ್ಟು ಸಾಮಾನ್ಯ! ಕ್ರಿಕೆಟ್ ಮನೆತನದಲ್ಲಿ ಅದನ್ನು 'ಬೆಳೆಯುವ ವಯಸ್ಸು' ಅನ್ನುತ್ತಾರೆ. ಆಟೋ ಓಡಿಸುವ ಮನೆಯಲ್ಲಿ ಅದು ಋಣವಾಗಿ ಕಾಣಿಸಿತು.

ಹಾಗೆಂದು ಆಟಗಾರರ ಮಕ್ಕಳಿಗೆ ಅಂಕ ಕಳೆಯಿರಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆ ಹುಡುಗನ ಎರಡನೆಯ ಓವರನ್ನು ಕಿತ್ತುಕೊಂಡರೆ ನನ್ನ ತಮ್ಮನಿಗೆ ಏನೂ ಬರುವುದಿಲ್ಲ. ಒಬ್ಬ ಒಳ್ಳೆಯ ಸ್ಪಿನ್ನರ್ ಕಳೆದುಹೋಗುತ್ತಾನೆ, ಅಷ್ಟೆ. ಹೆಸರು, ಕ್ಲಬ್ಬು ಕೇಳದೆ ನಂಬರಿನಿಂದ ಮಾತ್ರ ಗುರುತಿಸಿ ಎಂಬ ಸಲಹೆಯನ್ನು ಕೇಳಿದ್ದೇನೆ. ಒಳ್ಳೆಯದೇ, ಆದರೆ ಆ ಮೈದಾನದಲ್ಲಿದ್ದ ಹಿರಿಯರಿಗೆ ಸ್ನೇಹಿತನ ಮಗನ ಮುಖ ಗುರುತು ಸಿಗಲು ಹೆಸರೇನೂ ಬೇಕಿರಲಿಲ್ಲ. ಅವರು ಒಬ್ಬನಿಗೆ ತೋರಿಸಿದ ಕನಿಕರವನ್ನೇ ಎಲ್ಲರಿಗೂ ಸಿಗುವ ನಿಯಮವಾಗಿ ಮಾಡಬೇಕು.

ಅದು ಆಗದ ಮಾತು, ಅಷ್ಟು ಸಮಯವೆಲ್ಲಿದೆ ಎಂದರು ತಾಲ್ಲೂಕಿನಲ್ಲಿ ಕ್ರಿಕೆಟ್ ನಡೆಸುವ ಪರಿಚಿತರೊಬ್ಬರು. ಕೂತು ಲೆಕ್ಕ ಹಾಕಿದೆ. ಇನ್ನೂರು ಹುಡುಗರಲ್ಲಿ ನೂರು ಮಂದಿ ಬೌಲರುಗಳು. ನಾಲ್ಕು ನೆಟ್ಟು. ಒಂದು ಎಸೆತಕ್ಕೆ ಅರ್ಧ ನಿಮಿಷ. ತಲೆಗೆ ಆರು ಎಸೆತವಾದರೆ ಒಂದೊಂದು ನೆಟ್ಟಿಗೆ 150 ಎಸೆತ. ಒಂದೂಕಾಲು ತಾಸಿನಲ್ಲಿ ಮುಗಿಯುತ್ತದೆ. ಅವತ್ತು ನಿಜಕ್ಕೂ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ತಲೆಗೆ ನಾಲ್ಕು ಓವರ್ ಕೊಟ್ಟರೆ ಐದು ತಾಸು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ, ನಡುವೆ ಊಟಕ್ಕೆ ಒಂದು ತಾಸು ಬಿಟ್ಟು, ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಮೈದಾನ ಇಡೀ ದಿನಕ್ಕೆ ಬಾಡಿಗೆಗೆ ತೆಗೆದುಕೊಂಡದ್ದೇ ಆಗಿರುತ್ತದೆ. ಹೆಚ್ಚಿಗೆ ಬೇಕಾಗುವುದು ಇನ್ನೂರು ಊಟ, ನೀರಿನ ಒಂದು ಟ್ಯಾಂಕರು, ಮತ್ತೆ ನಮ್ಮಂಥವರ ಕೊನೆಯ ಬಸ್ಸು ತಪ್ಪದ ಹಾಗೆ ದೂರದ ಊರಿನ ಹುಡುಗರನ್ನು ಮೊದಲು ಕರೆಯುವ ಒಂದು ಪಟ್ಟಿ.